ಮಿತವ್ಯಯವನ್ನು ನುಡಿಸಿದವನು

ಮಿತವ್ಯಯ ಎಂಬ ಪದದೊಡನೆ ನನ್ನದು ಮೂರು ದಶಕಗಳನ್ನು ಮೀರಿದ ಒಡನಾಟ. ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ, ಆರ್ಥಿಕ ವರ್ಷದ ಕೊನೆಯ ತಿಂಗಳುಗಳು ಸಮೀಪಿಸಿದವೆಂದರೆ ಆ ತಲೆಬರಹದ ಸುತ್ತೋಲೆಯೊಂದು ಮೇಜಿನ ಮೇಲೆ ಬಂದು ಕೂರುತ್ತಿತ್ತು. ಹುದ್ದೆಯಲ್ಲಿ ಮೇಲೇರಿದ ಬಳಿಕ ಅಂಥವನ್ನು ನಾನೇ ಬರೆದೆ. ಕಾಗದದ ಎರಡೂ ಬದಿಗಳನ್ನು ಬಳಸತಕ್ಕದ್ದು, ಹೊಸ ವಾಹನ ಖರೀದಿಸತಕ್ಕದ್ದಲ್ಲ, ಪ್ರವಾಸ ಭತ್ಯೆಯನ್ನು ಇಂತಿಷ್ಟಕ್ಕೆ ಸೀಮಿತಗೊಳಿಸತಕ್ಕದ್ದು. ಅವುಗಳಿಂದ ಖಜಾನೆಗೆ ಅಷ್ಟಿಷ್ಟು ಉಳಿತಾಯವಾದದ್ದುಂಟು. ಆದರೆ ಯಾರಾದರೂ ಒಬ್ಬ ಮನುಷ್ಯ ಅವುಗಳಿಂದ ಹೆಚ್ಚು ಸ್ವತಂತ್ರನಾದ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಮಿತವ್ಯಯವೇ ಸ್ವಾತಂತ್ರ್ಯಕ್ಕೆ ದಾರಿಯಾಗಬಲ್ಲದು ಎಂಬುದನ್ನು ಅರವತ್ತು ದಾಟಿದ ಮೇಲೆ ನನಗೆ ತೋರಿಸಿಕೊಟ್ಟವನು ಅರ್ಥಶಾಸ್ತ್ರಜ್ಞನಲ್ಲ, ರಾಜಕಾರಣಿಯೂ ಅಲ್ಲ; ಇಪ್ಪತ್ತೇಳನೆಯ ವಯಸ್ಸಿನಲ್ಲಿ ಸತ್ತುಹೋದ ಅಮೆರಿಕದ ಒಬ್ಬ ಗಿಟಾರ್ ವಾದಕ. ಹೆಸರು ಡಿ. ಬೂನ್.

ಅವನ ಪೂರ್ಣ ಹೆಸರು ಡೆನಿಸ್ ಡೇಲ್ ಬೂನ್. ಹುಟ್ಟಿದ್ದು 1958ರ ಏಪ್ರಿಲ್ 1ರಂದು. ನಾನು ಅವನಿಗಿಂತ ಒಂದು ವರ್ಷ ಚಿಕ್ಕವನು. ಈ ಲೇಖನದಲ್ಲಿ ಅವನನ್ನು ಏಕವಚನದಲ್ಲಿ ಕರೆಯುತ್ತಿರುವುದು ಅಗೌರವದಿಂದಲ್ಲ, ಓರಗೆಯವನೆಂಬ ಸಲುಗೆಯಿಂದ. ಅವನು ಮೂವರ ವಾದ್ಯವೃಂದವೊಂದರ ಗಾಯಕನಾಗಿದ್ದ. ವೃಂದದ ಹೆಸರು ಮಿನಿಟ್‌ಮೆನ್. 1984ರಲ್ಲಿ ಅವರು ಹೊರತಂದ ‘ಡಬಲ್ ನಿಕಲ್ಸ್ ಆನ್ ದ ಡೈಮ್’ ಎಂಬ ಜೋಡಿ ಧ್ವನಿಮುದ್ರಿಕೆಯನ್ನು ಅಮೆರಿಕದ ವಿಮರ್ಶಕರು ಇಂದು ಆ ದಶಕದ ದೊಡ್ಡ ಕೃತಿಗಳ ಸಾಲಿನಲ್ಲಿಡುತ್ತಾರೆ. ನಾನು ಅದನ್ನು ಮೊದಲು ಕೇಳಿದ್ದು ಲಾಸ್ ಏಂಜಲೀಸ್ ಸಮೀಪದ ಟಾರನ್ಸ್‌ನಲ್ಲಿರುವ ಮಗನ ಕಾರಿನಲ್ಲಿ. ಮೊದಲ ಹತ್ತು ನಿಮಿಷ ನನಗದು ಗದ್ದಲವೆನಿಸಿತು ಎಂಬುದನ್ನು ಮುಚ್ಚಿಡಲಾರೆ. ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಕಿವಿ ಪಳಗಿಸಿಕೊಂಡವನಿಗೆ ಪಂಕ್ ಎಂಬ ಪ್ರಕಾರ ಸುಲಭವಾಗಿ ಒಗ್ಗುವಂಥದ್ದಲ್ಲ. ಆ ಮುದ್ರಿಕೆಯ ಒಟ್ಟು ವೆಚ್ಚ ಸುಮಾರು 1,100 ಡಾಲರ್ ಎಂದು ಮಗ ಹೇಳಿದಾಗ ನನ್ನೊಳಗಿನ ಹಳೆಯ ಗುಮಾಸ್ತ ಎಚ್ಚರಗೊಂಡ. ಹಾಡುಗಳ ಸಂಖ್ಯೆ ಕೇಳಿದೆ. ನಲವತ್ತೈದು ಎಂದ. ಹಾಡೊಂದಕ್ಕೆ ಇಪ್ಪತ್ತೈದು ಡಾಲರಿಗಿಂತ ಕಡಿಮೆ. ಅಂದಿನ ವಿನಿಮಯ ದರದಲ್ಲಿ ಲೆಕ್ಕ ಹಾಕಿದರೆ ಇಡೀ ಜೋಡಿ ಮುದ್ರಿಕೆಗೆ ಹನ್ನೆರಡು ಸಾವಿರ ರೂಪಾಯಿಯ ಆಸುಪಾಸು. ಅಷ್ಟು ಅಗ್ಗವಾಗಿ ಅದು ಹೇಗಾಯಿತು ಎಂಬ ಕುತೂಹಲವೇ ನನ್ನನ್ನು ಆ ಮನುಷ್ಯನ ಬದುಕಿನತ್ತ ಎಳೆದೊಯ್ದದ್ದು.

ಬೂನ್ ಬೆಳೆದದ್ದು ಲಾಸ್ ಏಂಜಲೀಸಿನ ಬಂದರು ಪ್ರದೇಶವಾದ ಸಾನ್ ಪೆಡ್ರೊದಲ್ಲಿ. ಸ್ಥಳೀಯರು ಸ್ಪ್ಯಾನಿಷ್ ಉಚ್ಚಾರಣೆಯನ್ನು ಕೈಬಿಟ್ಟು ಅದನ್ನು ‘ಪೀಡ್ರೊ’ ಎನ್ನುತ್ತಾರೆ. 1909ರಲ್ಲಿ ಲಾಸ್ ಏಂಜಲೀಸ್ ನಗರಕ್ಕೆ ಸೇರ್ಪಡೆಯಾದರೂ ಅದು ಇಂದಿಗೂ ಬೇರೆಯದೇ ಊರಿನಂತಿದೆ. ಹಡಗುಕಟ್ಟೆಯ ಕೂಲಿಕಾರರು, ಮೀನುಗಾರರು, ಮೀನು ಡಬ್ಬಿ ತುಂಬುವ ಕಾರ್ಖಾನೆಗಳಲ್ಲಿ ದುಡಿದವರು, ಕ್ರೊವೇಷಿಯಾ, ಇಟಲಿ, ಮೆಕ್ಸಿಕೊಗಳಿಂದ ವಲಸೆ ಬಂದವರು, ಇವರೆಲ್ಲ ಕಟ್ಟಿದ ಊರು. ಕಾರ್ಮಿಕ ಸಂಘದ ಕಚೇರಿ ಅಲ್ಲಿ ನಮ್ಮ ಊರುಗಳ ಪಂಚಾಯತಿ ಕಟ್ಟೆಯಷ್ಟೇ ಸಹಜವಾದದ್ದು. ಹಾಲಿವುಡ್ ಅದೇ ನಗರದಲ್ಲಿದ್ದರೂ ಅದರ ಥಳಕು ಇಲ್ಲಿಗೆ ತಲುಪಿಲ್ಲ. ಬೂನನ ತಂದೆ ನೌಕಾಪಡೆಯಲ್ಲಿ ಇದ್ದವರು. ಆಮೇಲೆ ಬ್ಯೂಕ್ ಕಾರುಗಳಿಗೆ ರೇಡಿಯೊ ಅಳವಡಿಸುವ ಕೆಲಸ ಮಾಡುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದ ಸೈನಿಕ ವಸತಿಗಳನ್ನು ಬಡವರ ಮನೆಗಳಾಗಿ ಮಾರ್ಪಡಿಸಿದ್ದ ಸರ್ಕಾರಿ ಬಡಾವಣೆಯೊಂದರಲ್ಲಿ ಕುಟುಂಬದ ವಾಸ.

ಅಲ್ಲಿನ ಪೆಕ್ ಪಾರ್ಕ್ ಎಂಬ ಉದ್ಯಾನದಲ್ಲಿ ಹದಿಮೂರು ವರ್ಷದ ಬೂನ್ ಮರದ ಮೇಲಿಂದ ಒಬ್ಬ ಅಪರಿಚಿತ ಹುಡುಗನ ಮುಂದೆ ಧುಮುಕಿದ. ತನ್ನ ಗೆಳೆಯನೆಂದು ತಪ್ಪಾಗಿ ತಿಳಿದು ಹಾಗೆ ಮಾಡಿದ್ದನಂತೆ. ಆ ಅಪರಿಚಿತನೇ ಮೈಕ್ ವಾಟ್. ಅವನ ತಂದೆಯೂ ನಾವಿಕ. ವರ್ಜೀನಿಯಾದಿಂದ ವರ್ಗವಾಗಿ ಬಂದ ಸಂಸಾರ. ಇಬ್ಬರಿಗೂ ಚರಿತ್ರೆಯ ಹುಚ್ಚು. ಯುದ್ಧಗಳು, ಕ್ರಾಂತಿಗಳು, ಹಳೆಯ ಸಾಮ್ರಾಜ್ಯಗಳ ಬಗ್ಗೆ ಗಂಟೆಗಟ್ಟಲೆ ವಾದಿಸುತ್ತಿದ್ದರು. ಮಕ್ಕಳು ಬೀದಿಯ ಜಗಳಗಳಿಗೆ ಸಿಕ್ಕಿಬೀಳದಿರಲಿ ಎಂದು ಬೂನನ ತಾಯಿ ಇಬ್ಬರನ್ನೂ ಮನೆಯಲ್ಲಿಯೇ ವಾದ್ಯ ನುಡಿಸಲು ಹಚ್ಚಿದಳು. ಮಗನಿಗೆ ಗಿಟಾರ್, ವಾಟ್‌ಗೆ ಬೇಸ್ ಗಿಟಾರ್ ಎಂದು ವಿಂಗಡಿಸಿದವಳೂ ಅವಳೇ. ಬೇಸ್ ಗಿಟಾರ್ ಎಂದರೇನೆಂದು ವಾಟ್‌ಗೆ ಆಗ ಗೊತ್ತಿರಲಿಲ್ಲ. ತಂತಿಗಳನ್ನು ಶ್ರುತಿ ಮಾಡಬೇಕೆಂಬುದೂ ಈ ಹುಡುಗರಿಗೆ ಬಹುಕಾಲ ತಿಳಿದಿರಲಿಲ್ಲ. ತಂತಿಯನ್ನು ಬಿಗಿಯಾಗಿಡುವುದೋ ಸಡಿಲವಾಗಿಡುವುದೋ ಅವರವರ ಅಭಿರುಚಿಗೆ ಬಿಟ್ಟದ್ದೆಂದು ಭಾವಿಸಿದ್ದರಂತೆ. ತಂಬೂರಿ ಮೀಟುವ ನಮ್ಮ ಮನೆಗಳಲ್ಲಿ ಈ ಸಂಗತಿ ಹೇಳಿದರೆ ನಗೆಯೇಳುವುದು ಖಂಡಿತ. ಆ ತಾಯಿ 1978ರಲ್ಲಿ ತೀರಿಕೊಂಡಳು. ಮಗನ ಹೆಸರು ಮುದ್ರಿಕೆಯೊಂದರ ಮೇಲೆ ಅಚ್ಚಾದದ್ದನ್ನು ಅವಳು ನೋಡಲಿಲ್ಲ.

ಅದೇ ವರ್ಷ ಈ ಗೆಳೆಯರು ಸಹಪಾಠಿ ಜಾರ್ಜ್ ಹರ್ಲಿಯನ್ನು ಡ್ರಮ್ಸ್‌ಗೆ ಸೇರಿಸಿಕೊಂಡು ಮೊದಲ ವೃಂದ ಕಟ್ಟಿದರು. 1980ರ ಜನವರಿಯಲ್ಲಿ ಮಿನಿಟ್‌ಮೆನ್ ರೂಪುಗೊಂಡಿತು; ಕೆಲವು ತಿಂಗಳ ನಂತರ ಹರ್ಲಿ ಅದಕ್ಕೂ ಬಂದು ಸೇರಿದ. ಹಾಡುಗಳು ಒಂದೊಂದು ನಿಮಿಷದವು, ಅದಕ್ಕೇ ಈ ಹೆಸರು ಎಂದು ಹಲವರು ಬರೆದರು. ಅದು ಪೂರ್ಣ ಸತ್ಯವಲ್ಲ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಕರೆ ಬಂದೊಡನೆ ಕೋವಿ ಹಿಡಿದು ಹೊರಡುತ್ತಿದ್ದ ರೈತ ಯೋಧರಿಗೆ ಆ ಹೆಸರಿತ್ತು. 1960ರ ದಶಕದಲ್ಲಿ ಅದನ್ನೇ ಇಟ್ಟುಕೊಂಡ ಬಲಪಂಥೀಯ ಶಸ್ತ್ರಧಾರಿ ಗುಂಪೊಂದನ್ನು ಅಣಕಿಸುವ ಉದ್ದೇಶವೂ ಇವರಿಗಿತ್ತು. ಇಂಗ್ಲಿಷಿನ ಅದೇ ಕಾಗುಣಿತವನ್ನು ಬೇರೆ ರೀತಿ ಉಚ್ಚರಿಸಿದರೆ ಅತ್ಯಲ್ಪ, ಕ್ಷುಲ್ಲಕ ಎಂಬ ಅರ್ಥ ಬರುತ್ತದೆ. ತಮ್ಮನ್ನು ತಾವೇ ಅಲ್ಪರೆಂದು ಕರೆದುಕೊಳ್ಳುವ ಹಾಸ್ಯಪ್ರಜ್ಞೆ ಬೂನನದು. ಅವರ ಮೊದಲ ಮುದ್ರಿಕೆಯಲ್ಲಿ ಏಳು ಹಾಡುಗಳಿದ್ದವು, ಒಟ್ಟು ಅವಧಿ ಏಳು ನಿಮಿಷಕ್ಕೂ ಕಡಿಮೆ. ಅದನ್ನು ಹೊರತಂದದ್ದು ಎಸ್‌ಎಸ್‌ಟಿ ಎಂಬ ಪುಟ್ಟ ಸಂಸ್ಥೆ. ಬ್ಲ್ಯಾಕ್ ಫ್ಲ್ಯಾಗ್ ಎಂಬ ವೃಂದದ ಗ್ರೆಗ್ ಗಿನ್ ಹುಡುಗನಾಗಿದ್ದಾಗ ರೇಡಿಯೊ ಉಪಕರಣಗಳನ್ನು ಮಾರಲು ಆರಂಭಿಸಿದ್ದ ವ್ಯಾಪಾರವೇ ಮುಂದೆ ಆ ಧ್ವನಿಮುದ್ರಿಕೆ ಸಂಸ್ಥೆಯಾಯಿತು.

ಇಲ್ಲಿ ಹಾರ್ಡ್‌ಕೋರ್ ಪಂಕ್ ಎಂಬುದರ ಬಗ್ಗೆ ಒಂದು ಮಾತು ಹೇಳಬೇಕು. 1970ರ ದಶಕದ ಮಧ್ಯಭಾಗದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ ಹುಟ್ಟಿದ ಪಂಕ್ ಸಂಗೀತ, ದೊಡ್ಡ ಬಂಡವಾಳದ ಆಡಂಬರದ ರಾಕ್ ಸಂಗೀತಕ್ಕೆ ಎದ್ದ ಪ್ರತಿಭಟನೆ. ಯಾರು ಬೇಕಾದರೂ ವಾದ್ಯ ಹಿಡಿಯಬಹುದು ಎಂಬುದೇ ಅದರ ತಿರುಳು. ಕ್ಯಾಲಿಫೋರ್ನಿಯಾದ ಉಪನಗರಗಳ ಹುಡುಗರು ಅದನ್ನು ಇನ್ನಷ್ಟು ವೇಗಗೊಳಿಸಿ, ಇನ್ನಷ್ಟು ಒರಟಾಗಿಸಿ ಹಾರ್ಡ್‌ಕೋರ್ ಎಂದರು. ಆದರೆ ನಿಯಮ ಮುರಿಯಲು ಹೊರಟವರೇ ಕೆಲವೇ ವರ್ಷಗಳಲ್ಲಿ ಹೊಸ ನಿಯಮ ಮಾಡಿಕೊಂಡರು. ಹಾಡು ಹೀಗೆಯೇ ಇರಬೇಕು, ತಲೆ ಹೀಗೆಯೇ ಬೋಳಿಸಬೇಕು, ಸಭಿಕರು ಹೀಗೆಯೇ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯಬೇಕು. ಸಚಿವಾಲಯದಲ್ಲಿ ಕಾಲ ಕಳೆದವನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಸರಳೀಕರಣ ಸಮಿತಿಗಳು ಹೊಸ ನಮೂನೆಗಳನ್ನು ಸೃಷ್ಟಿಸಿದ್ದನ್ನು ನಾನು ಎಷ್ಟು ಬಾರಿ ನೋಡಿಲ್ಲ! ಬೂನ್ ಈ ಯಾವ ಕಟ್ಟಳೆಗೂ ಒಳಪಡಲಿಲ್ಲ. ಸ್ಥೂಲಕಾಯದವನು, ಚೌಕಳಿ ಅಂಗಿ ತೊಟ್ಟು ವೇದಿಕೆಯ ತುಂಬ ನೆಗೆಯುತ್ತಿದ್ದ. ಅವನ ಸಂಗೀತದಲ್ಲಿ ಜಾಸ್ ಇತ್ತು, ಕರಿಯರ ಫಂಕ್ ಇತ್ತು, ಬಾಲ್ಯದಲ್ಲಿ ಮನೆಯಲ್ಲಿ ಕೇಳಿದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ವೃಂದದ ಹಳ್ಳಿಗಾಡಿನ ರಾಕ್ ಕೂಡ ಇತ್ತು. ಬ್ಲ್ಯಾಕ್ ಫ್ಲ್ಯಾಗ್ ಜತೆಗೆ 1983ರಲ್ಲಿ ಯುರೋಪ್ ಪ್ರವಾಸ ಹೋದಾಗ ಅಲ್ಲಿನ ಪಂಕ್ ಅಭಿಮಾನಿಗಳು ಇವರ ಮೇಲೆ ಉಗುಳಿದರು. ತಮ್ಮದೇ ಎಂದುಕೊಂಡ ಸಭೆಯಿಂದ ಮಿನಿಟ್‌ಮೆನ್‌ಗೆ ದೊರೆತ ವಿಮರ್ಶೆ ಅದು.

ಈಗ ಮಿತವ್ಯಯದ ಮಾತಿಗೆ ಬರುತ್ತೇನೆ. ಕಡಿಮೆ ಖರ್ಚಿನ ರೀತಿಗೆ ಈ ಗೆಳೆಯರು ‘ಎಕಾನೊ’ ಎಂದು ಹೆಸರಿಟ್ಟಿದ್ದರು. ಎಕಾನಮಿ ಎಂಬ ಪದವನ್ನು ಅರ್ಧಕ್ಕೆ ಕತ್ತರಿಸಿದ್ದರಲ್ಲಿಯೂ ಉಳಿತಾಯವೇ! ಧ್ವನಿಮುದ್ರಣ ಕೇಂದ್ರಗಳ ಬಾಡಿಗೆ ನಡುರಾತ್ರಿಯ ನಂತರ ಕಡಿಮೆ. ಅವರು ಆಗ ಹೋಗುತ್ತಿದ್ದರು. ಹೊಸ ಟೇಪ್ ಬದಲು ಒಮ್ಮೆ ಬಳಸಿದ ಟೇಪನ್ನೇ ಕೊಳ್ಳುತ್ತಿದ್ದರು. ಹಾಡುಗಳನ್ನು ಮುದ್ರಿಕೆಯಲ್ಲಿ ಬರಬೇಕಾದ ಕ್ರಮದಲ್ಲಿಯೇ ನುಡಿಸಿ, ಆಮೇಲೆ ಕತ್ತರಿಸಿ ಜೋಡಿಸುವ ಖರ್ಚನ್ನು ಉಳಿಸುತ್ತಿದ್ದರು. ಪ್ರವಾಸಕ್ಕೆ ಒಂದು ವ್ಯಾನು. ಸಾಮಾನು ಹೊರುವವರಿಲ್ಲ, ತಾವೇ ಹೊರುವುದು. ಹೋಟೆಲಿಲ್ಲ, ಕೇಳುಗರ ಮನೆಯ ನೆಲದ ಮೇಲೆ ಮಲಗುವುದು. ಬಂದ ಹಣದಲ್ಲಿ ಖರ್ಚು ಕಳೆದು ಅಷ್ಟೋ ಇಷ್ಟೋ ಉಳಿಸಿಕೊಂಡೇ ಊರಿಗೆ ಮರಳುತ್ತಿದ್ದರು.

ಅವರ ಇನ್ನೊಂದು ಸಿದ್ಧಾಂತ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಸ್ವಾರಸ್ಯಕರವಾದದ್ದು. ಸಂಗೀತ ಉದ್ಯಮದ ರೂಢಿಯಲ್ಲಿ ಮುದ್ರಿಕೆಯೇ ಸರಕು. ಅದನ್ನು ಮಾರುವುದಕ್ಕಾಗಿ ಪ್ರವಾಸ, ಕಾರ್ಯಕ್ರಮ. ನಷ್ಟವಾದರೂ ಚಿಂತೆಯಿಲ್ಲ, ಜಾಹೀರಾತಿನ ಲೆಕ್ಕಕ್ಕೆ ಬರೆಯುತ್ತಾರೆ. ಮಿನಿಟ್‌ಮೆನ್ ಇದನ್ನು ತಲೆಕೆಳಗು ಮಾಡಿದರು. ಅವರ ಪಾಲಿಗೆ ಜನರೆದುರು ನುಡಿಸುವುದೇ ಕೆಲಸ. ಮುದ್ರಿಕೆಯೂ ಸೇರಿದಂತೆ ಉಳಿದದ್ದೆಲ್ಲ ಅದಕ್ಕೆ ಜನರನ್ನು ಕರೆಯುವ ಕರಪತ್ರ. ಕರಪತ್ರಕ್ಕೆ ಯಾರಾದರೂ ಲಕ್ಷಗಟ್ಟಲೆ ಸುರಿಯುತ್ತಾರೆಯೇ? ಸಾಲವಿಲ್ಲ, ಆದ್ದರಿಂದ ಸಾಲಕೊಟ್ಟವನ ಮಾತು ಕೇಳಬೇಕಾಗಿಲ್ಲ. ಮಧ್ಯ ಅಮೆರಿಕದಲ್ಲಿ ರೇಗನ್ ಆಡಳಿತ ನಡೆಸುತ್ತಿದ್ದ ಹಸ್ತಕ್ಷೇಪದ ವಿರುದ್ಧ ಬೂನ್ ಊರೂರಿನಲ್ಲಿ ಹಾಡಿದ. ಹಾಡಬೇಡವೆನ್ನಲು ಅವನ ಮೇಲೆ ಯಾರ ಬಂಡವಾಳದ ಹಿಡಿತವೂ ಇರಲಿಲ್ಲ. 1982ರಲ್ಲಿ ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸುವ ವೇಳೆಗೆ ನಾವು ರೇಗನ್ನರ ತೆರಿಗೆ ಕಡಿತದ ಸಿದ್ಧಾಂತವನ್ನು ಕಪ್ಪುಹಲಗೆಯ ಮೇಲಿನ ವಕ್ರರೇಖೆಯಾಗಿ ಮಾತ್ರ ಬಲ್ಲವರಾಗಿದ್ದೆವು.

ಸಮಾನತೆಯನ್ನು ಬೂನ್ ವಾದ್ಯದಲ್ಲಿಯೂ ತಂದ ರೀತಿ ನನಗೆ ಬಹಳ ಹಿಡಿಸಿತು. ರಾಕ್ ವೃಂದಗಳಲ್ಲಿ ಗಿಟಾರ್ ದೊರೆ, ಬೇಸ್ ಸೇವಕ. ಬೂನ್ ತನ್ನ ಗಿಟಾರಿನಿಂದ ಮಂದ್ರದ ಭಾಗವನ್ನು ಬಹುಮಟ್ಟಿಗೆ ತೆಗೆದುಹಾಕಿ, ತೀಕ್ಷ್ಣವಾದ ತಾರದ ಧ್ವನಿಯನ್ನಷ್ಟೇ ಇಟ್ಟುಕೊಂಡ. ಕೆಳಗಿನ ಜಾಗ ಪೂರ್ತಿ ವಾಟ್‌ನ ಬೇಸ್‌ಗೆ ಬಿಟ್ಟದ್ದು. ಡ್ರಮ್ಸ್‌ಗೂ ಉಸಿರಾಡುವ ಅವಕಾಶ. ಇದು ಕೇವಲ ಧ್ವನಿಯ ಆಯ್ಕೆಯಲ್ಲ, ರಾಜಕೀಯ ನಿಲುವು ಎಂದೇ ಅವರು ಭಾವಿಸಿದ್ದರು. ಅಧಿಕಾರ ವಿಕೇಂದ್ರೀಕರಣದ ಬಗ್ಗೆ ನಾನು ಓದಿದ ವರದಿಗಳು ಹಲವು. ತನ್ನ ಪಾಲಿನದನ್ನು ತಾನಾಗಿ ಬಿಟ್ಟುಕೊಟ್ಟವರನ್ನು ಕಂಡದ್ದು ಅಪರೂಪ.

ಸಾನ್ ಪೆಡ್ರೊದ ಹಳೆಯ ಚಿತ್ರಮಂದಿರವೊಂದನ್ನು ಬೂನ್ ಬಾಡಿಗೆಗೆ ಹಿಡಿದು ‘ಯೂನಿಯನ್ ಥಿಯೇಟರ್’ ಎಂದು ಹೆಸರಿಟ್ಟು ಕಾರ್ಯಕ್ರಮಗಳನ್ನು ನಡೆಸಿದ. ಅವು ಸಂಜೆ ಬೇಗನೆ ಆರಂಭವಾಗುತ್ತಿದ್ದವು. ಮರುದಿನ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವರು ಸಕಾಲದಲ್ಲಿ ಮನೆ ಸೇರಲಿ ಎಂಬುದೇ ಕಾರಣ. ಈ ಒಂದು ವಿವರ ನನ್ನನ್ನು ಹಿಂದಕ್ಕೆ ಒಯ್ದಿತು. ನಾನು ಜಿಲ್ಲಾ ಕೇಂದ್ರವೊಂದರಲ್ಲಿದ್ದಾಗ ಹವ್ಯಾಸಿ ನಾಟಕ ತಂಡದ ಯುವಕರು ಸರ್ಕಾರಿ ಸಭಾಂಗಣದ ಬಾಡಿಗೆಯಲ್ಲಿ ರಿಯಾಯಿತಿ ಕೋರಿ ಬಂದಿದ್ದರು. ಅವರಲ್ಲಿ ಹೆಚ್ಚಿನವರು ಗ್ಯಾರೇಜು, ಅಂಗಡಿಗಳಲ್ಲಿ ದುಡಿಯುವವರು. ಸಭಾಂಗಣ ಆ ವಾರವಿಡೀ ಖಾಲಿಯೇ ಇತ್ತು. ಮಿತವ್ಯಯದ ಆದೇಶ ಜಾರಿಯಲ್ಲಿದೆ, ರಿಯಾಯಿತಿಗೆ ಅವಕಾಶವಿಲ್ಲ ಎಂದು ಟಿಪ್ಪಣಿ ಬರೆದು ಅರ್ಜಿಯನ್ನು ವಿಲೇವಾರಿ ಮಾಡಿದೆ. ಆದೇಶದ ಪ್ರಕಾರ ನಾನು ಮಾಡಿದ್ದು ಸರಿ. ಖಾಲಿ ಸಭಾಂಗಣದಿಂದ ಸರ್ಕಾರಕ್ಕೆ ಒಂದು ರೂಪಾಯಿಯೂ ಉಳಿಯಲಿಲ್ಲ ಎಂಬುದೂ ಸರಿ. ಆ ಯುವಕರು ಮತ್ತೆ ನನ್ನ ಕಚೇರಿಗೆ ಬರಲಿಲ್ಲ.

ಜೋಡಿ ಮುದ್ರಿಕೆಯ ಕಥೆ ಹೀಗಿದೆ. 1983ರ ನವೆಂಬರಿನಲ್ಲಿ ವೆನಿಸ್ ಎಂಬಲ್ಲಿನ ರೇಡಿಯೊ ಟೋಕಿಯೊ ಕೇಂದ್ರದಲ್ಲಿ ಈಥನ್ ಜೇಮ್ಸ್ ಎಂಬ ತಂತ್ರಜ್ಞನೊಡನೆ ಅವರು ಒಂದು ಆಲ್ಬಮ್ಮಿಗೆ ಸಾಲುವಷ್ಟು ಹಾಡುಗಳನ್ನು ಮುದ್ರಿಸಿ ಮುಗಿಸಿದ್ದರು. ಅಷ್ಟರಲ್ಲಿ ಅದೇ ಎಸ್‌ಎಸ್‌ಟಿ ಸಂಸ್ಥೆಯ ಮತ್ತೊಂದು ವೃಂದ, ಮಿನ್ನೆಸೋಟಾದ ಹಸ್ಕರ್ ಡು, ‘ಝೆನ್ ಆರ್ಕೇಡ್’ ಎಂಬ ಜೋಡಿ ಮುದ್ರಿಕೆಯನ್ನು ಸಿದ್ಧಪಡಿಸಿದ ಸುದ್ದಿ ಬಂತು. ಅವರು ಎರಡು ತಟ್ಟೆ ಮಾಡಿದರೆ ನಾವೇಕೆ ಮಾಡಬಾರದು ಎಂಬ ಸ್ನೇಹದ ಪೈಪೋಟಿ ಹುಟ್ಟಿತು. ಇನ್ನೂ ಇಪ್ಪತ್ತಕ್ಕೂ ಹೆಚ್ಚು ಹಾಡುಗಳನ್ನು ಬರೆದು 1984ರ ಏಪ್ರಿಲ್‌ನಲ್ಲಿ ಮುದ್ರಿಸಿದರು. ಧ್ವನಿಗಳ ಮಿಶ್ರಣ ಒಂದೇ ರಾತ್ರಿಯಲ್ಲಿ ಮುಗಿಯಿತು. ಹಾಡುಗಳ ಹಂಚಿಕೆಗೂ ಅವರದೇ ರೀತಿ: ಚೀಟಿ ಎತ್ತಿದಂತೆ ಸರದಿ ನಿರ್ಧರಿಸಿಕೊಂಡು ಮೂವರೂ ಒಂದೊಂದು ಬದಿಗೆ ತಮಗೆ ಬೇಕಾದ ಹಾಡುಗಳನ್ನು ಆರಿಸಿಕೊಂಡರು, ಉಳಿದವು ನಾಲ್ಕನೆಯ ಬದಿಗೆ. ಆ ನಾಲ್ಕನೆಯ ಬದಿಗೆ ಅವರು ಕೊಟ್ಟ ಹೆಸರು ಹೊಟ್ಟು. ಪ್ರತಿಯೊಬ್ಬನ ಬದಿಯೂ ಅವನವನ ಕಾರಿನ ಎಂಜಿನ್ ಚಾಲೂ ಆಗುವ ಸದ್ದಿನಿಂದ ಆರಂಭವಾಗುತ್ತದೆ.

ಕಾರಿಗೂ ಶೀರ್ಷಿಕೆಗೂ ಸಂಬಂಧವುಂಟು. 1973ರ ತೈಲ ಬಿಕ್ಕಟ್ಟಿನ ಬಳಿಕ ಇಂಧನ ಉಳಿಸಲೆಂದು ಅಮೆರಿಕವು ದೇಶಾದ್ಯಂತ ಗಂಟೆಗೆ 55 ಮೈಲಿಯ ವೇಗಮಿತಿ ವಿಧಿಸಿತು. ಆ ಬಿಕ್ಕಟ್ಟಿನ ನೆನಪು ನನ್ನ ತಲೆಮಾರಿಗೆ ಸೀಮೆಎಣ್ಣೆಯ ಸಾಲಿನ ರೂಪದಲ್ಲಿದೆ. ಅವರಿಗೆ ಹೆದ್ದಾರಿಯ ಫಲಕದ ರೂಪದಲ್ಲಿ. ನಿಕಲ್ ಎಂದರೆ ಐದು ಸೆಂಟ್ ನಾಣ್ಯ. ಎರಡು ಐದುಗಳು, ಅಂದರೆ 55. ಡೈಮ್ ಎಂದರೆ ಹತ್ತು ಸೆಂಟ್ ನಾಣ್ಯ. ಆದರೆ ನಾಣ್ಯದ ಮೇಲೆ ನಿಂತಂತೆ ಎನ್ನುವಾಗ ಚಾಚೂ ತಪ್ಪದೆ ಎಂಬ ಅರ್ಥ. ಹತ್ತನೆಯ ಸಂಖ್ಯೆಯ ಹೆದ್ದಾರಿ ಎಂದು ಓದಿಕೊಳ್ಳುವವರೂ ಇದ್ದಾರೆ. ಸ್ಯಾಮಿ ಹೇಗರ್ ಎಂಬ ರಾಕ್ ಗಾಯಕ ತನಗೆ 55ರ ಮಿತಿಯಲ್ಲಿ ಓಡಿಸಲಾಗದು ಎಂದು ಹಾಡಿದ್ದ. ಇವರ ಉತ್ತರ ಚೇಷ್ಟೆಯದು: ನಾವು ಓಡಿಸುವುದು ಕಾನೂನಿನ ವೇಗದಲ್ಲಿಯೇ, ಸಾಹಸವೇನಿದ್ದರೂ ಸಂಗೀತದಲ್ಲಿ. ಹೊದಿಕೆಯ ಚಿತ್ರಕ್ಕಾಗಿ ವಾಟ್ ತನ್ನ ಫೋಕ್ಸ್‌ವಾಗನ್ ಕಾರನ್ನು ಮುಳ್ಳು ಸರಿಯಾಗಿ 55ರಲ್ಲಿ ನಿಲ್ಲುವಂತೆ ಓಡಿಸಿದ. ಹಿಂದೆ ಕುಳಿತ ಗೆಳೆಯ ಸಾನ್ ಪೆಡ್ರೊದ ದಾರಿ ಫಲಕವೂ ಕನ್ನಡಿಯಲ್ಲಿ ವಾಟ್‌ನ ಕಣ್ಣುಗಳೂ ಒಟ್ಟಿಗೆ ಸಿಗುವವರೆಗೆ ಮತ್ತೆ ಮತ್ತೆ ಚಿತ್ರ ತೆಗೆದ.

ಆ ನಲವತ್ತೈದರಲ್ಲಿ ಒಂದೆರಡರ ಬಗ್ಗೆಯಾದರೂ ಹೇಳಬೇಕು. ಹಾಡೊಂದನ್ನು ಮೈಕಲ್ ಜಾಕ್ಸನ್ ಹಾಡಲೆಂದು ಬರೆದ ರಾಜಕೀಯ ಗೀತೆ ಎಂದು ಹೆಸರಿಸಿದ್ದಾರೆ. ಅವನು ಹಾಡಿದರೆ ಲೋಕ ಕೇಳೀತು, ನಮ್ಮದನ್ನು ಯಾರು ಕೇಳುತ್ತಾರೆ ಎಂಬ ವಿನೋದ. ವಾಟ್ ಬರೆದು ಬೂನ್ ಹಾಡಿದ ಇನ್ನೊಂದು ಮಂದಗತಿಯ ಹಾಡು ಇಬ್ಬರ ಗೆಳೆತನದ ಚರಿತ್ರೆ. ವೇದಿಕೆಯ ಮೇಲಿರುವವರೂ ಕೆಳಗಿರುವವರೂ ಒಂದೇ ಎಂದು ಪಂಕ್ ಹುಡುಗರಿಗೆ ತಿಳಿಹೇಳುವಂಥದ್ದು. ಪತ್ರಕರ್ತ ಮೈಕಲ್ ಅಜೆರಾಡ್ 2001ರಲ್ಲಿ ಅಮೆರಿಕದ ಸ್ವತಂತ್ರ ವೃಂದಗಳ ಬಗ್ಗೆ ಬರೆದ ಪ್ರಸಿದ್ಧ ಗ್ರಂಥ ಶೀರ್ಷಿಕೆ ಪಡೆದದ್ದು ಈ ಹಾಡಿನಿಂದ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಕರೋನಾ’ ಎಂಬ ಹಾಡು. ಶೀರ್ಷಿಕೆ ಕಂಡು ಬೆಚ್ಚಬೇಕಾಗಿಲ್ಲ, ಅದು ಮೆಕ್ಸಿಕೊದ ಬಿಯರಿನ ಹೆಸರು. ಗೆಳೆಯರು ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ರಜೆಗೆ ಮೆಕ್ಸಿಕೊದ ಕಡಲ ತೀರಕ್ಕೆ ಹೋಗಿದ್ದರು. ಮೋಜು ಮುಗಿದ ಬೆಳಗ್ಗೆ ಬಡ ಹೆಂಗಸೊಬ್ಬಳು ಮರಳಿನಲ್ಲಿ ಅವರು ಎಸೆದ ಸೀಸೆಗಳನ್ನು ಆಯುತ್ತಿದ್ದಳು. ಸೀಸೆ ಹಿಂದಿರುಗಿಸಿದರೆ ಐದು ಸೆಂಟ್ ಸಿಗುತ್ತದೆ. ಬೂನ್ ಅದನ್ನು ಕಂಡು ಬರೆದದ್ದು ಎರಡೂವರೆ ನಿಮಿಷವೂ ಇಲ್ಲದ ಒಂದು ಹಾಡು. ಉಪದೇಶವಿಲ್ಲ, ಮರುಕದ ಪ್ರದರ್ಶನವಿಲ್ಲ. ನಾಣ್ಯಗಳ ಹೆಸರು ಹೊತ್ತ ಆ ಮುದ್ರಿಕೆಯಲ್ಲಿ ನಿಜವಾದ ಐದು ಸೆಂಟ್ ಇರುವುದು ಇಲ್ಲಿ ಎಂದು ನನಗನ್ನಿಸಿತು. ಬಡತನ ರೇಖೆಯ ಕುರಿತ ಕಡತಗಳನ್ನು ಹೊತ್ತು ತಿರುಗಿದ ನನಗೆ ಆ ಹೆಂಗಸು ಹೊಸಬಳಲ್ಲ.

ಮುದ್ರಿಕೆ 1984ರ ಜುಲೈನಲ್ಲಿ ‘ಝೆನ್ ಆರ್ಕೇಡ್’ ಜತೆಯಲ್ಲಿಯೇ ಹೊರಬಂತು. ಮೊದಲ ವರ್ಷದಲ್ಲಿ ಹದಿನೈದು ಸಾವಿರದಷ್ಟು ಪ್ರತಿಗಳು ಮಾರಾಟವಾದವು. ಉದ್ಯಮದ ದೃಷ್ಟಿಯಲ್ಲಿ ಇದು ಲೆಕ್ಕಕ್ಕಿಲ್ಲದ ಸಂಖ್ಯೆ. 1,100 ಡಾಲರ್ ಹೂಡಿಕೆಗೆ ಹೋಲಿಸಿದರೆ ಯಾವ ಬೃಹತ್ ಸಂಸ್ಥೆಯೂ ಅಸೂಯೆಪಡಬೇಕು. ವಿಮರ್ಶಕರ ಪ್ರತಿಕ್ರಿಯೆ ನಮ್ಮ ಗೋಪ್ಯ ವರದಿಗಳನ್ನು ನೆನಪಿಸುವಂತಿದೆ. ಮುದ್ರಿಕೆಗಳಿಗೆ ಶಾಲಾ ಮೇಷ್ಟರಂತೆ ದರ್ಜೆ ಕೊಡುತ್ತಿದ್ದ ‘ವಿಲೇಜ್ ವಾಯ್ಸ್’ ಪತ್ರಿಕೆಯ ರಾಬರ್ಟ್ ಕ್ರಿಸ್ಟ್‌ಗೌ ಇದಕ್ಕೆ ಎ ಮೈನಸ್ ಕೊಟ್ಟರು. ‘ರೋಲಿಂಗ್ ಸ್ಟೋನ್’ ಐದರಲ್ಲಿ ಮೂರೂವರೆ ನಕ್ಷತ್ರ ಕೊಟ್ಟಿತು. ಅಂದರೆ ಉತ್ತಮ, ಆದರೆ ಬಡ್ತಿಗೆ ಕಾಯಲಿ! ಮುಂದೆ ಅದೇ ‘ರೋಲಿಂಗ್ ಸ್ಟೋನ್’ನ ಕೈಪಿಡಿ ಐದು ನಕ್ಷತ್ರ ಕೊಟ್ಟಿತು. 2003ರಲ್ಲಿ ಆ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ 500 ಆಲ್ಬಮ್ಮುಗಳ ಪಟ್ಟಿ ಮಾಡಿದಾಗ ಇದು 411ನೆಯದು. 2020ರ ಪಟ್ಟಿಯಲ್ಲಿ 267ನೆಯದು. ಮುದ್ರಿಕೆಯಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾದದ್ದು ಕೇಳುವವರು. ಮೊದಲ ವಿಮರ್ಶಕರನ್ನು ನಾನು ದೂರುವುದಿಲ್ಲ. ಒಂದೊಂದೂವರೆ ನಿಮಿಷದ ನಲವತ್ತು ಚಿಲ್ಲರೆ ತುಣುಕುಗಳನ್ನು ಒಂದು ಕೃತಿಯಾಗಿ ಹಿಡಿಯುವುದು ಒಂದೆರಡು ಬಾರಿ ಕೇಳಿದವರಿಗೆ ಸಾಧ್ಯವಿಲ್ಲ. ಎಲ್ಲವೂ ಒಂದೇ ಮಟ್ಟದವು ಎಂದೂ ನಾನು ಹೇಳಲಾರೆ. ಆ ‘ಹೊಟ್ಟಿನ’ ಬದಿಯನ್ನು ಈಗಲೂ ನಾನು ಬಿಟ್ಟು ಬಿಟ್ಟೇ ಕೇಳುತ್ತೇನೆ.

ಬೂನ್ ಚಿತ್ರಕಾರನೂ ಆಗಿದ್ದ. 1985ರಲ್ಲಿ ಬಂದ ‘ಪ್ರಾಜೆಕ್ಟ್ ಮರ್ಶ್’ ಎಂಬ ಮುದ್ರಿಕೆಯ ಹೊದಿಕೆಗೆ, ಈ ವೃಂದದಿಂದ ಜನಪ್ರಿಯ ಹಾಡು ಬರೆಸುವ ಉಪಾಯ ಹುಡುಕುತ್ತಿರುವ ಕಂಪನಿ ಅಧಿಕಾರಿಗಳನ್ನು ಅವನು ಬಿಡಿಸಿದ. ಅದೇ ವರ್ಷದ ಕೊನೆಯ ಆಲ್ಬಮ್ಮಿನೊಳಗೆ ಒಂದು ಮತಪತ್ರವಿತ್ತು. ಮುಂದೆ ತರಲಿರುವ ಕಛೇರಿ ಮುದ್ರಿಕೆಯಲ್ಲಿ ಯಾವ ಹಾಡುಗಳಿರಬೇಕೆಂದು ಕೇಳುಗರೇ ಮತ ಹಾಕಿ ಕಳುಹಿಸಬೇಕು. ಆ ವೇಳೆಗೆ ಆರ್.ಇ.ಎಂ. ಎಂಬ ಖ್ಯಾತ ವೃಂದ ತನ್ನ ಪ್ರವಾಸದಲ್ಲಿ ಇವರನ್ನು ಜತೆಗೆ ಕರೆದೊಯ್ದಿತ್ತು. ದೊಡ್ಡ ಸಭಾಂಗಣಗಳು, ಹೊಸ ಕೇಳುಗರು. ಕೊನೆಯ ಕಾರ್ಯಕ್ರಮ ಡಿಸೆಂಬರ್ 13ರಂದು ನಾರ್ತ್ ಕ್ಯಾರೊಲಿನಾದ ಷಾರ್ಲೆಟ್ ನಗರದಲ್ಲಿ ನಡೆಯಿತು.

ಒಂಬತ್ತು ದಿನಗಳ ನಂತರ, 1985ರ ಡಿಸೆಂಬರ್ 22ರಂದು, ಬೂನ್ ವ್ಯಾನಿನಲ್ಲಿ ಆರಿಜೋನಾದ ಮರುಭೂಮಿಯನ್ನು ಹಾದುಹೋಗುತ್ತಿದ್ದ. ಜ್ವರ ಬಂದಿದ್ದರಿಂದ ಹಿಂಭಾಗದಲ್ಲಿ ಬೆಲ್ಟ್ ಕಟ್ಟಿಕೊಳ್ಳದೆ ಮಲಗಿದ್ದ. ವ್ಯಾನು ರಸ್ತೆ ಬಿಟ್ಟು ಉರುಳಿತು. ಹೊರಗೆ ಎಸೆಯಲ್ಪಟ್ಟ ಅವನು ಕತ್ತು ಮುರಿದು ಸತ್ತ. ಆ ರಸ್ತೆ ಹತ್ತನೆಯ ಸಂಖ್ಯೆಯ ಹೆದ್ದಾರಿ. ಅಂದು ಭಾನುವಾರ. ಸೇವೆಗೆ ಸೇರಿ ಒಂದು ವರ್ಷವಾಗಿದ್ದ ನಾನು ಆ ತಿಂಗಳು ಮೇಲಧಿಕಾರಿಯ ಅಣತಿಯಂತೆ ನನ್ನ ಮೊದಲ ಮಿತವ್ಯಯದ ಸುತ್ತೋಲೆಯ ಕರಡು ಸಿದ್ಧಪಡಿಸುತ್ತಿದ್ದೆ. ಮೊದಲು ಎ ಮೈನಸ್ ಕೊಟ್ಟಿದ್ದ ಕ್ರಿಸ್ಟ್‌ಗೌ, ಸಾಧ್ಯತೆಗಳ ನಷ್ಟದ ದೃಷ್ಟಿಯಿಂದ ಈ ಸಾವನ್ನು ಜಾನ್ ಲೆನನ್ ಮತ್ತು ಜಿಮಿ ಹೆಂಡ್ರಿಕ್ಸ್ ಅವರ ಸಾವುಗಳ ಸಾಲಿನಲ್ಲಿಟ್ಟರು. ಮತಪತ್ರಗಳ ಫಲಿತಾಂಶ 1987ರಲ್ಲಿ ಜೋಡಿ ಮುದ್ರಿಕೆಯಾಗಿ ಬಂತು. ವಾಟ್ ವಾದ್ಯವನ್ನು ಕೆಳಗಿಟ್ಟು ಕೂತುಬಿಟ್ಟಿದ್ದ. ಓಹಿಯೊದ ಎಡ್ ಕ್ರಾಫರ್ಡ್ ಎಂಬ ಅಭಿಮಾನಿ ಸಾನ್ ಪೆಡ್ರೊಗೆ ಬಂದು ಅವನನ್ನೂ ಹರ್ಲಿಯನ್ನೂ ಮತ್ತೆ ನುಡಿಸಲು ಒಪ್ಪಿಸಿದ. ಅಲ್ಲಿಂದೀಚೆಗೆ ವಾಟ್ ತನ್ನ ಮುದ್ರಿಕೆಗಳನ್ನು ಬೂನ್‌ಗೆ ಅರ್ಪಿಸುತ್ತ ಬಂದಿದ್ದಾನೆ.

ಸತ್ತ ಮೇಲೆ ಬೂನನ ಸಂಗೀತಕ್ಕೆ ಮಾರುಕಟ್ಟೆ ಬಂತು. 2000ದಲ್ಲಿ ಎಂಟಿವಿ ಆರಂಭಿಸಿದ ‘ಜ್ಯಾಕ್ಆಸ್’ ಎಂಬ ಹುಡುಗಾಟದ ಕಾರ್ಯಕ್ರಮಕ್ಕೆ ‘ಕರೋನಾ’ದ ಆರಂಭದ ಗಿಟಾರ್ ನಾದವೇ ಶೀರ್ಷಿಕೆ ಸಂಗೀತವಾಯಿತು. ಸೀಸೆ ಆಯುವ ಹೆಂಗಸಿನ ಸುದ್ದಿಯೇ ತಿಳಿಯದೆ ಕೋಟ್ಯಂತರ ಜನ ಅದನ್ನು ಕೇಳಿದರು. ಜೋಡಿ ಮುದ್ರಿಕೆಯ ಇನ್ನೊಂದು ಹಾಡು ವೋಲ್ವೊ ಕಾರಿನ ಜಾಹೀರಾತಿನಲ್ಲಿ ಬಂತು. ಬಂಡವಾಳದ ಹಂಗು ಬೇಡವೆಂದವರು ಕಾರು ಮಾರಿದರೇ ಎಂದು ಕೆಲವರು ಮುಖ ಸಿಂಡರಿಸಿರಬಹುದು. ವಾಟ್ ಒಪ್ಪಿಗೆ ಕೊಟ್ಟದ್ದಕ್ಕೆ ಕಾರಣ ಬೇರೆ ಇತ್ತು. ಬೂನನ ತಂದೆ ಶ್ವಾಸಕೋಶದ ಕಾಯಿಲೆಯಿಂದ ನರಳುತ್ತಿದ್ದರು. ಗೌರವಧನದಲ್ಲಿ ಮಗನ ಪಾಲು ಸೇರುವುದು ಅವರಿಗೆ. ಕಾರುಗಳಿಗೆ ರೇಡಿಯೊ ಅಳವಡಿಸಿ ಮಗನನ್ನು ಸಾಕಿದವರಿಗೆ ಕೊನೆಗಾಲದಲ್ಲಿ ಕಾರಿನ ಜಾಹೀರಾತಿನಿಂದ ನಾಲ್ಕು ಕಾಸು ಬಂತು.

ಟಾರನ್ಸ್‌ನಿಂದ ಹೊರಡುವ ಮುನ್ನ ನನ್ನ ಒತ್ತಾಯಕ್ಕೆ ಮಗ ಒಂದು ಭಾನುವಾರ ಕಾರು ತೆಗೆದ. ಹಾರ್ಬರ್ ಫ್ರೀವೇ ಹಿಡಿದು ದಕ್ಷಿಣಕ್ಕೆ ಹೋದರೆ ಆ ಹೆದ್ದಾರಿ ಮುಗಿಯುವುದೇ ಸಾನ್ ಪೆಡ್ರೊದಲ್ಲಿ. 55ರ ರಾಷ್ಟ್ರೀಯ ವೇಗಮಿತಿ 1995ರಲ್ಲಿಯೇ ರದ್ದಾಗಿದೆ. ಆದರೂ ಮುಳ್ಳನ್ನು 55ರಲ್ಲಿ ನಿಲ್ಲಿಸಪ್ಪಾ ಎಂದೆ. ಹಿಂದಿನಿಂದ ಕಾರುಗಳು ಹಾರನ್ ಹೊಡೆದವು, ಕಂಟೇನರ್ ಹೊತ್ತ ಲಾರಿಗಳು ನಮ್ಮನ್ನು ದಾಟಿ ಹೋದವು. ಮಗನಿಗೆ ಮುಜುಗರವಾಗಿತ್ತು, ಅಪ್ಪನ ಮಾತಿಗೆ ಎದುರಾಡದೆ ಹಾಗೆಯೇ ಓಡಿಸಿದ. ಎಡಕ್ಕೆ ವಿನ್ಸೆಂಟ್ ಥಾಮಸ್ ಸೇತುವೆಯೂ ಬಂದರಿನ ಕ್ರೇನುಗಳೂ ಕಾಣತೊಡಗಿದವು. ಪೆಕ್ ಪಾರ್ಕಿನಲ್ಲಿ ಇಳಿದು ಅರ್ಧ ಗಂಟೆ ಅಡ್ಡಾಡಿದೆವು. ಹುಡುಗರು ಚೆಂಡಾಡುತ್ತಿದ್ದರು. ಬೂನ್ ಧುಮುಕಿದ ಮರ ಯಾವುದೆಂದು ಯಾರನ್ನೂ ಕೇಳಲಿಲ್ಲ. ಹತ್ತಬಹುದಾದ ಮರಗಳು ಅಲ್ಲಿ ಬೇಕಾದಷ್ಟಿದ್ದವು.